ಆನೆಗೆ ಎಪ್ಪತ್ತು, ಇಲಿಗೆ ಎರಡು: ಆಯುಷ್ಯದ ಲೆಕ್ಕದ ಚರಿತ್ರೆ

ಒಂದೇ ಸೂರಿನ ಕೆಳಗೆ ಎಷ್ಟು ಬಗೆಯ ಆಯುಷ್ಯಗಳು ವಾಸವಾಗಿರುತ್ತವೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಟ್ಟದ ಮೇಲೆ ಓಡಾಡುವ ಇಲಿ ಎರಡು ವರ್ಷಕ್ಕೆಲ್ಲ ಮುದಿಯಾಗುತ್ತದೆ. ಬಾಗಿಲು ಕಾಯುವ ನಾಯಿಗೆ ಹನ್ನೆರಡು ಹದಿಮೂರು ತುಂಬಿತೆಂದರೆ ಕಣ್ಣು ಮಂಜಾಗಿ ನಡಿಗೆ ತಡವರಿಸುತ್ತದೆ. ಕೊಟ್ಟಿಗೆಯ ಹಸು ಇಪ್ಪತ್ತನ್ನು ದಾಟಿದರೆ ಊರವರು ಬೆರಗಾಗುತ್ತಾರೆ. ಜಗಲಿಯ ಮೇಲೆ ಕುಳಿತ ಅಜ್ಜಿ ಮಾತ್ರ ಈ ಮೂರರ ಹಲವು ತಲೆಮಾರುಗಳನ್ನು ಕಂಡು, ಎಂಬತ್ತೈದರಲ್ಲಿಯೂ ಹೂಬತ್ತಿ ಹೊಸೆಯುತ್ತಿರುತ್ತಾಳೆ. ನಾಲ್ಕೂ ಜೀವಗಳಲ್ಲಿ ಇರುವುದು ಅದೇ ರಕ್ತ, ಮಾಂಸ, ಮೂಳೆಗಳು. ಹಾಗಿದ್ದರೂ ಒಂದೊಂದಕ್ಕೆ ಒಂದೊಂದು ಗಡುವು ಏಕೆ? ಈ ಪ್ರಶ್ನೆಗೆ ಮನುಷ್ಯನು ಎರಡು ಸಾವಿರ ವರ್ಷಗಳಿಗೂ ಮೀರಿ ಕೊಟ್ಟುಕೊಳ್ಳುತ್ತ ಬಂದಿರುವ ಉತ್ತರಗಳ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆಯಲು ಪ್ರಯತ್ನಿಸಿದ್ದೇನೆ.

ನಮ್ಮ ದೇಶದಿಂದಲೇ ಆರಂಭಿಸೋಣ. ಕ್ರಿ.ಶ. 6ನೆಯ ಶತಮಾನದ ವರಾಹಮಿಹಿರನು ತನ್ನ 'ಬೃಹಜ್ಜಾತಕ'ದ ಆಯುರ್ದಾಯ ಅಧ್ಯಾಯದಲ್ಲಿ ಪ್ರಾಣಿಗಳ ಪರಮಾಯುಷ್ಯದ ಒಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಅದರ ಪ್ರಕಾರ ಮನುಷ್ಯನಿಗೂ ಆನೆಗೂ 120 ವರ್ಷ 5 ದಿನ, ಕುದುರೆಗೆ 32, ಕತ್ತೆಗೂ ಒಂಟೆಗೂ 25, ಎತ್ತು ಎಮ್ಮೆಗಳಿಗೆ 24, ಆಡು ಮೊದಲಾದವಕ್ಕೆ 16, ನಾಯಿಗೆ 12. ಇದು ಜ್ಯೋತಿಷ್ಯದ ಗ್ರಂಥವಾದರೂ ಈ ಅಂಕಿಗಳ ಹಿಂದೆ ಸಾಕುಪ್ರಾಣಿಗಳೊಡನೆ ಬಾಳಿದವರ ನಿಶಿತವಾದ ಅನುಭವ ಇದ್ದಿರಬೇಕು. ಕುದುರೆ, ಎತ್ತು, ಆಡು, ನಾಯಿಗಳ ವಿಷಯದಲ್ಲಿ ಇಂದಿನ ಪಶುವೈದ್ಯರೂ ಹೆಚ್ಚು ತಕರಾರು ತೆಗೆಯಲಾರರು. ಮನುಷ್ಯನ ವಿಷಯವಂತೂ ಸೋಜಿಗವೇ ಸರಿ. ದಾಖಲೆಗಳಿಂದ ದೃಢಪಟ್ಟ ಅತಿ ದೀರ್ಘವಾದ ಮಾನವ ಜೀವಿತ ಫ್ರಾನ್ಸಿನ ಜಾನ್ ಕಾಲ್ಮಾ ಎಂಬಾಕೆಯದು. 1875ರಲ್ಲಿ ಜನಿಸಿ 1997ರಲ್ಲಿ ತೀರಿಕೊಂಡ ಆಕೆ ಬದುಕಿದ್ದು 122 ವರ್ಷ. ಆನೆಯ ಲೆಕ್ಕ ಮಾತ್ರ ಹೊಂದುವುದಿಲ್ಲ. ಅದು ಎಪ್ಪತ್ತರ ಆಸುಪಾಸಿನ ಜೀವ.

ಆದರೆ ಪಟ್ಟಿಯು ಎಷ್ಟು ಎಂಬುದನ್ನು ಹೇಳುತ್ತದೆ, ಏಕೆ ಎಂಬುದನ್ನು ಹೇಳುವುದಿಲ್ಲ. ಏಕೆ ಎಂದು ಕೇಳಿ, ಅದಕ್ಕಾಗಿಯೇ ಒಂದು ಕಿರುಗ್ರಂಥವನ್ನು ಬರೆದವನು ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್. ಜೀವವೆಂದರೆ ಬಿಸಿಯೂ ತೇವವೂ ಆದದ್ದು. ಮುಪ್ಪೆಂದರೆ ತಣ್ಣಗಾಗಿ ಒಣಗುವುದು ಎಂಬುದು ಅವನ ಸಿದ್ಧಾಂತ. ದೊಡ್ಡ ದೇಹದಲ್ಲಿ ತೇವ ಹೆಚ್ಚಾದ್ದರಿಂದ ಅದು ಒಣಗಲು ಹೆಚ್ಚು ಕಾಲ ಹಿಡಿಯುತ್ತದೆ. ಆದರೂ ಕುದುರೆ ಮನುಷ್ಯನಿಗಿಂತ ದೊಡ್ಡದಾಗಿದ್ದು ಅವನಿಗಿಂತ ಬೇಗ ಸಾಯುತ್ತದೆ ಎಂಬುದನ್ನು ಅವನು ಮರೆಮಾಚಲಿಲ್ಲ. ತೇವ ಹೆಚ್ಚಿದ್ದರೆ ಸಾಲದು, ಅದು ಬೆಚ್ಚಗಿರುವ ತೇವವೂ ಆಗಿರಬೇಕು ಎಂದು ತಿದ್ದುಪಡಿ ಮಾಡಿಕೊಂಡ. ಹೆಚ್ಚಾಗಿ ಸಂತಾನ ಪಡೆಯುವ ಜೀವಿಗಳು ಬೇಗ ಮುಪ್ಪಾಗುತ್ತವೆ, ಮರಿ ಹಾಕದ ಹೇಸರಗತ್ತೆ ತನ್ನ ತಂದೆ ಕತ್ತೆಗಿಂತಲೂ ತಾಯಿ ಕುದುರೆಗಿಂತಲೂ ಹೆಚ್ಚು ಬಾಳುತ್ತದೆ ಎಂದೂ ಬರೆದ. ತೇವದ ಸಿದ್ಧಾಂತ ಕಾಲಗರ್ಭದಲ್ಲಿ ಸೇರಿಹೋಯಿತು. ಸಂತಾನಕ್ಕೂ ಆಯುಷ್ಯಕ್ಕೂ ಸಂಬಂಧವಿದೆ ಎಂಬ ಈ ಮಾತು ಮಾತ್ರ ಎರಡು ಸಾವಿರ ವರ್ಷ ಕಾದು ಮತ್ತೆ ಬೆಳಕಿಗೆ ಬಂದಿತು. ಅದನ್ನು ಮುಂದೆ ನೋಡೋಣ.

18ನೆಯ ಶತಮಾನದಲ್ಲಿ ಫ್ರಾನ್ಸಿನ ಬುಫೊನ್ ಒಂದು ಸರಳ ಗುಣಾಕಾರವನ್ನು ಮುಂದಿಟ್ಟ. ಪ್ರಾಣಿಯು ಎಷ್ಟು ವರ್ಷ ಬೆಳೆಯುತ್ತದೆಯೋ ಅದರ ಆರೇಳು ಪಟ್ಟು ಬದುಕುತ್ತದೆ. ಕುದುರೆ ನಾಲ್ಕು ವರ್ಷ ಬೆಳೆಯುತ್ತದೆ, ಇಪ್ಪತ್ತೈದು ಮೂವತ್ತು ವರ್ಷ ಬಾಳುತ್ತದೆ. 1850ರ ದಶಕದಲ್ಲಿ ಅದೇ ದೇಶದ ಫ್ಲೂರಾನ್ಸ್ ಇದನ್ನು ಐದು ಪಟ್ಟಿಗೆ ಇಳಿಸಿ, ಮನುಷ್ಯನು ಇಪ್ಪತ್ತು ವರ್ಷ ಬೆಳೆಯುವುದರಿಂದ ಅವನ ಸಹಜ ಆಯುಷ್ಯ ನೂರು ಎಂದು ಸಾರಿದ. ನೂರು ವರ್ಷ ಬಾಳೆಂದು ಹರಸುವ ನಮ್ಮ ಹಿರಿಯರಿಗೆ ಇದು ಒಪ್ಪಿಗೆಯಾಗುತ್ತಿತ್ತು. ಆದರೆ ಇದು ಪ್ರಶ್ನೆಯನ್ನು ಒಂದು ಮನೆಯಿಂದ ಪಕ್ಕದ ಮನೆಗೆ ಸಾಗಿಸಿದಂತೆ ಆಯಿತು. ಕುದುರೆ ನಾಲ್ಕೇ ವರ್ಷದಲ್ಲಿ ಏಕೆ ಬೆಳೆದು ಮುಗಿಸುತ್ತದೆ ಎಂದು ಕೇಳಿದರೆ ಉತ್ತರವಿಲ್ಲ.

ಜನಮನದಲ್ಲಿ ಅತಿ ಆಳವಾಗಿ ಬೇರೂರಿದ ಉತ್ತರ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. 1908ರಲ್ಲಿ ಜರ್ಮನಿಯ ಮ್ಯಾಕ್ಸ್ ರುಬ್ನರ್ ಗಿನಿಯಿಲಿ, ಬೆಕ್ಕು, ನಾಯಿ, ಹಸು, ಕುದುರೆ ಈ ಐದು ಪ್ರಾಣಿಗಳು ಜೀವಮಾನವಿಡೀ ವ್ಯಯಿಸುವ ಶಕ್ತಿಯನ್ನು ಲೆಕ್ಕ ಹಾಕಿದ. ಪ್ರತಿ ಗ್ರಾಂ ದೇಹತೂಕಕ್ಕೆ ಆ ಶಕ್ತಿಯ ಮೊತ್ತ ಐದರಲ್ಲಿಯೂ ಹೆಚ್ಚು ಕಡಿಮೆ ಒಂದೇ ಆಗಿ ಕಂಡಿತು. 1928ರಲ್ಲಿ ಅಮೆರಿಕದ ರೇಮಂಡ್ ಪರ್ಲ್ ಇದನ್ನೇ ವಿಸ್ತರಿಸಿ ಗ್ರಂಥ ಬರೆದ: ವೇಗವಾಗಿ ಉರಿಯುವ ದೀಪ ಬೇಗ ಆರುತ್ತದೆ ಎಂಬಂಥ ವಾದ. ಎದೆಬಡಿತದ ಲೆಕ್ಕವೂ ಇದಕ್ಕೆ ಪೋಷಕವಾಗಿಯೇ ಕಾಣುತ್ತದೆ. ಇಲಿಯ ಹೃದಯ ನಿಮಿಷಕ್ಕೆ ಸುಮಾರು 600 ಬಾರಿ ಬಡಿದುಕೊಂಡು ಎರಡು ವರ್ಷದಲ್ಲಿ ಅರವತ್ತು ಕೋಟಿ ಮುಟ್ಟುತ್ತದೆ. ಆನೆಯದು 30ರಂತೆ ಬಡಿದು ಅರವತ್ತು ವರ್ಷದಲ್ಲಿ ತೊಂಬತ್ತು ಕೋಟಿ ದಾಟುತ್ತದೆ. ನಮ್ಮಲ್ಲಿಯೂ ಯೋಗಶಾಸ್ತ್ರದವರು ದಿನಕ್ಕೆ 21,600 ಉಸಿರು ಎಂದು ಎಣಿಸಿ, ಆಯುಷ್ಯವನ್ನು ಅಳೆಯಬೇಕಾದದ್ದು ವರ್ಷಗಳಿಂದಲ್ಲ, ಉಸಿರುಗಳಿಂದ ಎಂದು ಹೇಳುತ್ತ ಬಂದಿದ್ದಾರೆ. ಆಮೆ ನಿಧಾನವಾಗಿ ಉಸಿರಾಡುವುದರಿಂದಲೇ ನೂರಾರು ವರ್ಷ ಬದುಕುತ್ತದೆ ಎಂಬ ಮಾತನ್ನು ನಿಮ್ಮಲ್ಲಿ ಅನೇಕರು ಕೇಳಿಯೇ ಇರುತ್ತೀರಿ. ಹಣ ಖರ್ಚಾದಂತೆ ಉಸಿರೂ ಖರ್ಚಾಗುತ್ತದೆ ಎಂಬ ಈ ಕಲ್ಪನೆ ಸುಂದರವಾದದ್ದು, ನೀತಿಪಾಠಕ್ಕೂ ಒದಗುತ್ತದೆ.

ಆದರೆ ಹಕ್ಕಿಗಳು ಈ ಲೆಕ್ಕವನ್ನು ಕೆಡಿಸಿಬಿಟ್ಟವು. ಪಾರಿವಾಳಕ್ಕೂ ಹೆಗ್ಗಣಕ್ಕೂ ತೂಕ ಹೆಚ್ಚು ಕಡಿಮೆ ಒಂದೇ. ಪಾರಿವಾಳದ ಮೈ ಹೆಚ್ಚು ಬಿಸಿ, ಹಾರಾಟದಲ್ಲಿ ಅದು ಉರಿಸುವ ಶಕ್ತಿಯೂ ಹೆಚ್ಚು. ಹಾಗಾದರೆ ಅದೇ ಮೊದಲು ಸಾಯಬೇಕು. ಆದರೆ ಹೆಗ್ಗಣ ಮೂರು ನಾಲ್ಕು ವರ್ಷಕ್ಕೆ ಮುಗಿದರೆ, ಸಾಕಿದ ಪಾರಿವಾಳ ಮೂವತ್ತನ್ನೂ ದಾಟಿದ್ದಿದೆ. ಬಾವಲಿಯ ಕಥೆ ಇನ್ನೂ ವಿಚಿತ್ರ. ಸೈಬೀರಿಯಾದಲ್ಲಿ ಗುರುತಿನ ಉಂಗುರ ತೊಡಿಸಿ ಬಿಟ್ಟಿದ್ದ, ಏಳು ಗ್ರಾಂ ತೂಗುವ ಒಂದು ಬ್ರಾಂಟ್ ಬಾವಲಿ 41 ವರ್ಷಗಳ ಬಳಿಕ ಜೀವಂತವಾಗಿ ಮತ್ತೆ ಸಿಕ್ಕಿತು. 2005ರಲ್ಲಿ ಆ ವಿಷಯ ಪ್ರಕಟವಾಯಿತು. ಇನ್ನೊಂದು ಕಡೆ ಒಪಾಸಮ್‌ನಂಥ ಹೊಟ್ಟೆಚೀಲದ ಪ್ರಾಣಿಗಳು ಇತರ ಸಸ್ತನಿಗಳಿಗಿಂತ ಮಂದವಾಗಿ ಶಕ್ತಿ ಉರಿಸಿದರೂ ಬೇಗ ಮುಪ್ಪಾಗುತ್ತವೆ. ಮನುಷ್ಯನೂ ರುಬ್ನರನ ಲೆಕ್ಕಕ್ಕೆ ಸಿಕ್ಕಲಿಲ್ಲ. ನಮ್ಮ ಹೃದಯ ಎಪ್ಪತ್ತೈದು ವರ್ಷದಲ್ಲಿ ಸುಮಾರು 275 ಕೋಟಿ ಬಾರಿ ಬಡಿಯುತ್ತದೆ. ದೊಡ್ಡ ಮೈಯೇ ದೀರ್ಘಾಯುಷ್ಯಕ್ಕೆ ಕಾರಣ ಎನ್ನೋಣವೆಂದರೆ, ನಾಯಿಗಳಲ್ಲಿ ಗ್ರೇಟ್ ಡೇನ್‌ನಂಥ ದೈತ್ಯ ತಳಿಗಳು ಎಂಟು ಹತ್ತಕ್ಕೆ ಸಾಯುತ್ತವೆ. ಮಡಿಲಲ್ಲಿ ಹಿಡಿಯುವ ಪುಟ್ಟ ನಾಯಿಗಳು ಹದಿನಾಲ್ಕು ಹದಿನೈದನ್ನು ಕಾಣುತ್ತವೆ. ಪ್ರಾಣಾಯಾಮದಿಂದ ಮನಸ್ಸಿಗೆ ಶಾಂತಿ ದೊರೆಯುವುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಜೀವಜಾತಿಗಳ ಆಯುಷ್ಯದ ವ್ಯತ್ಯಾಸಕ್ಕೆ ಉಸಿರಿನ ಎಣಿಕೆ ಉತ್ತರವಾಗಲಾರದು.

ಸರಿಯಾದ ದಾರಿಯ ಬಾಗಿಲು ತೆರೆದದ್ದು ಡಾರ್ವಿನ್ನನ ನಂತರ. ಜರ್ಮನಿಯ ಆಗಸ್ಟ್ ವೈಸ್‌ಮಾನ್ 1881ರಲ್ಲಿ ಸಾಲ್ಜ್‌ಬರ್ಗ್ ನಗರದಲ್ಲಿ ಮಾಡಿದ ಉಪನ್ಯಾಸದಲ್ಲಿ, ಆಯುಷ್ಯವೂ ಕೊಂಬು, ಕಾಲು, ರೆಕ್ಕೆಗಳಂತೆ ನಿಸರ್ಗದ ಆಯ್ಕೆಯಿಂದ ರೂಪುಗೊಂಡ ಒಂದು ಲಕ್ಷಣ ಎಂದು ವಾದಿಸಿದ. ಸವೆದ ಹಿರಿಯ ಜೀವಿಗಳು ಎಳೆಯರ ಜಾಗವನ್ನು ಆಕ್ರಮಿಸುತ್ತವೆ; ಆದ್ದರಿಂದ ಜಾತಿಯ ಒಳಿತಿಗಾಗಿ ಸಾವು ಏರ್ಪಟ್ಟಿದೆ ಎಂಬುದು ಅವನ ಆಗಿನ ನಿಲುವು. ಇದು ಕಠೋರವಾದ ಮಾತು ಮಾತ್ರವಲ್ಲ, ಸುತ್ತುವಾದವೂ ಹೌದು. ಹಿರಿಯ ಜೀವಿಗಳು ಸವೆಯುವುದೇಕೆ ಎಂಬುದೇ ಪ್ರಶ್ನೆಯಾಗಿರುವಾಗ, ಅವು ಸವೆದಿರುವುದರಿಂದ ಸಾಯಬೇಕು ಎಂದರೆ ಉತ್ತರವಾದೀತೆ? ವೈಸ್‌ಮಾನನೇ ಮುಂದೆ ಈ ನಿಲುವಿನಿಂದ ದೂರ ಸರಿದ.

ಗಂಟನ್ನು ಬಿಡಿಸಿದವರಲ್ಲಿ ಒಬ್ಬರು ನಮ್ಮ ದೇಶಕ್ಕೂ ಸಂಬಂಧಪಟ್ಟವರು. ಬ್ರಿಟನ್ನಿನ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿ, ಭಾರತದ ಪೌರತ್ವವನ್ನೂ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ಅವರು 1941ರಷ್ಟು ಹಿಂದೆಯೇ ಹಂಟಿಂಗ್ಟನ್ ಕಾಯಿಲೆಯ ಬಗ್ಗೆ ಒಂದು ಸೂಕ್ಷ್ಮವನ್ನು ಗುರುತಿಸಿದ್ದರು. ಅಪ್ಪ ಅಮ್ಮಂದಿರಿಂದ ಮಕ್ಕಳಿಗೆ ಇಳಿಯುವ ಈ ಭೀಕರ ನರರೋಗ ಸಾಮಾನ್ಯವಾಗಿ ತಲೆದೋರುವುದು ನಡುವಯಸ್ಸಿನಲ್ಲಿ. ಅಷ್ಟರಲ್ಲಿ ರೋಗಿಗೆ ಮಕ್ಕಳಾಗಿ, ದೋಷವುಳ್ಳ ವಂಶವಾಹಿ ಮುಂದಿನ ತಲೆಮಾರಿಗೆ ದಾಟಿಬಿಟ್ಟಿರುತ್ತದೆ. ಬಾಲ್ಯದಲ್ಲಿ ಕೊಲ್ಲುವ ದೋಷವನ್ನು ನಿಸರ್ಗ ಜರಡಿ ಹಿಡಿದು ತೆಗೆಯುತ್ತದೆ. ತಡವಾಗಿ ಕೊಲ್ಲುವ ದೋಷ ಆ ಜರಡಿಯ ಕಣ್ಣಿನಲ್ಲಿ ನುಸುಳಿಹೋಗುತ್ತದೆ.

ಇದನ್ನು ಪೂರ್ಣ ಸಿದ್ಧಾಂತವಾಗಿ ಬೆಳೆಸಿದವರು ಪೀಟರ್ ಮೆಡಾವರ್. ಬೇರೊಂದು ಸಂಶೋಧನೆಗಾಗಿ 1960ರಲ್ಲಿ ನೊಬೆಲ್ ಪಡೆದ ಇವರು 1951ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಪ್ರಯೋಗಶಾಲೆಯ ಗಾಜಿನ ಪ್ರನಾಳಗಳ ದೃಷ್ಟಾಂತವನ್ನು ಕೊಟ್ಟರು. ಪ್ರನಾಳಕ್ಕೆ ಮುಪ್ಪಿಲ್ಲ, ಆದರೆ ಕೈಜಾರಿ ಒಡೆಯುತ್ತದೆ. ಲೆಕ್ಕದ ಮೇಷ್ಟರಂತೆ ನಾವೂ ಒಂದು ಲೆಕ್ಕ ಮಾಡೋಣ. ಸಾವಿರ ಹೊಸ ಪ್ರನಾಳಗಳಿವೆ, ಪ್ರತಿ ತಿಂಗಳೂ ನೂರಕ್ಕೆ ಹತ್ತರಂತೆ ಒಡೆಯುತ್ತವೆ ಎಂದುಕೊಳ್ಳಿ. ವರ್ಷದ ಕೊನೆಗೆ ಉಳಿಯುವುದು ಸುಮಾರು 282. ಎರಡು ವರ್ಷಕ್ಕೆ 80. ಮೂರು ವರ್ಷಕ್ಕೆ ಇಪ್ಪತ್ತೆರಡು ಇಪ್ಪತ್ಮೂರು. ಈಗ ಈ ಪ್ರನಾಳಗಳು ಮರಿಹಾಕುವ ಜೀವಿಗಳೆಂದು ಭಾವಿಸಿ. ಮೊದಲ ತಿಂಗಳಿನಲ್ಲಿ ಕಾಣಿಸುವ ದೋಷ ಸಾವಿರಕ್ಕೂ ತಟ್ಟುತ್ತದೆ, ಅಂಥ ವಂಶ ಅಳಿಯುತ್ತದೆ. ಮೂರನೆಯ ವರ್ಷದಲ್ಲಿ ಕಾಣಿಸುವ ದೋಷವನ್ನು ಅನುಭವಿಸಲು ಉಳಿದಿರುವುದೇ ಇಪ್ಪತ್ತು ಚಿಲ್ಲರೆ. ಅದನ್ನು ಅಳಿಸುವ ಒತ್ತಡ ಅಷ್ಟೇ ದುರ್ಬಲ. ಹೀಗೆ ತಡವಾಗಿ ಬಾಧಿಸುವ ದೋಷಗಳು ತಲೆಮಾರಿನಿಂದ ತಲೆಮಾರಿಗೆ ಸಂಚಯವಾಗುತ್ತ ಹೋಗುತ್ತವೆ. ಮುಪ್ಪೆಂದು ನಾವು ಕರೆಯುವುದು ಈ ಸಂಚಯವನ್ನೇ ಎಂದರು ಮೆಡಾವರ್.

1957ರಲ್ಲಿ ಅಮೆರಿಕದ ಜಾರ್ಜ್ ವಿಲಿಯಮ್ಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು: ಹರೆಯದಲ್ಲಿ ಉಪಕಾರ ಮಾಡಿ ಮುಪ್ಪಿನಲ್ಲಿ ಅಪಕಾರ ಮಾಡುವ ವಂಶವಾಹಿಯನ್ನು ನಿಸರ್ಗ ಸಹಿಸುವುದಷ್ಟೇ ಅಲ್ಲ, ಪೋಷಿಸುತ್ತದೆ. 1977ರಲ್ಲಿ ಬ್ರಿಟನ್ನಿನ ಥಾಮಸ್ ಕರ್ಕ್‌ವುಡ್ ಇದನ್ನು ಮನೆಯ ಖರ್ಚುವೆಚ್ಚದಂತೆ ವಿವರಿಸಿದರು. ಜೀವಿಗೆ ದೊರೆಯುವ ಆಹಾರ ಮಿತವಾದದ್ದು. ಅದನ್ನು ಸಂತಾನಕ್ಕೂ ಮೈಯ ರಿಪೇರಿಗೂ ಹಂಚಬೇಕು. ಬೆಕ್ಕು, ಹಾವು, ಗೂಬೆಗಳ ಬಾಯಿಗೆ ಒಂದು ವರ್ಷದೊಳಗೆ ಬೀಳಲಿರುವ ಇಲಿಯು ಹತ್ತು ವರ್ಷ ಬಾಳುವ ಮೈಯನ್ನು ಕಟ್ಟಿಕೊಂಡು ಪ್ರಯೋಜನವೇನು? ಮೂರು ದಿನದ ಮದುವೆ ಚಪ್ಪರಕ್ಕೆ ಯಾರೂ ಕಲ್ಲಿನ ಅಡಿಪಾಯ ಹಾಕುವುದಿಲ್ಲ. ಸಂತಾನಕ್ಕೂ ಆಯುಷ್ಯಕ್ಕೂ ನಂಟಿದೆ ಎಂಬ ಅರಿಸ್ಟಾಟಲನ ಹಳೆಯ ಊಹೆಗೆ ಹೀಗೆ ಒಂದು ಹೊಸ ತಳಹದಿ ದೊರೆಯಿತು.

ಈ ವಿಚಾರ ಸರಿಯಾದರೆ ಅದರಿಂದ ಒಂದು ಭವಿಷ್ಯ ನುಡಿಯಬಹುದು. ಯಾವ ಜೀವಿ ಹೊರಗಿನ ಅಪಾಯಗಳಿಂದ ತಪ್ಪಿಸಿಕೊಳ್ಳುವ ಉಪಾಯವನ್ನು ಕಂಡುಕೊಂಡಿದೆಯೋ ಅದರ ಮುಪ್ಪು ಕಾಲಾಂತರದಲ್ಲಿ ಹಿಂದೆ ಸರಿಯಬೇಕು. ರೆಕ್ಕೆಯಿರುವ ಹಕ್ಕಿ ಬಾವಲಿಗಳು, ಚಿಪ್ಪಿನ ಕೋಟೆಯಲ್ಲಿರುವ ಆಮೆ, ಬಿಲದೊಳಗೆ ಬಾಳುತ್ತ ಮೂವತ್ತು ವರ್ಷವನ್ನೂ ಮೀರುವ ಆಫ್ರಿಕದ ಬೆತ್ತಲೆ ತೋಡಿಲಿ, ಎದುರಾಳಿಯೇ ಇಲ್ಲದಷ್ಟು ಬೃಹತ್ತಾದ ತಿಮಿಂಗಿಲ, ಇವೆಲ್ಲವೂ ಈ ಮಾತಿಗೆ ಸಾಕ್ಷಿಗಳು. ಜೇನುಗೂಡಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ರಾಣಿಜೇನೂ ಕೆಲಸಗಾರ ಜೇನೂ ಒಂದೇ ಬಗೆಯ ಮೊಟ್ಟೆಯಿಂದ ಹುಟ್ಟಿದವು. ಗೂಡಿನ ನಡುವೆ ರಕ್ಷಣೆಯಲ್ಲಿರುವ ರಾಣಿ ಮೂರು ನಾಲ್ಕು ವರ್ಷ ಬಾಳಿದರೆ, ಬಿಸಿಲಿನಲ್ಲಿ ಹೂವು ಹುಡುಕಿ ಅಲೆಯುವ ಅವಳ ಮಗಳು ಬೇಸಿಗೆಯಲ್ಲಿ ಆರು ವಾರಕ್ಕೆ ಮುಗಿಯುತ್ತಾಳೆ.

ಇದನ್ನು ಕಾಡಿಗೇ ಹೋಗಿ ಪರೀಕ್ಷಿಸಿದವರು ಅಮೆರಿಕದ ಸ್ಟೀವನ್ ಆಸ್ಟಡ್. ಜಾರ್ಜಿಯಾ ರಾಜ್ಯದ ಕರಾವಳಿಯಾಚೆ ಸಪೆಲೊ ಎಂಬ ದ್ವೀಪವಿದೆ. ಕೆಲವು ಸಾವಿರ ವರ್ಷಗಳ ಹಿಂದೆ ಭೂಭಾಗದಿಂದ ಬೇರ್ಪಟ್ಟ ಈ ದ್ವೀಪದಲ್ಲಿ ಒಪಾಸಮ್‌ಗಳನ್ನು ತಿನ್ನುವ ದೊಡ್ಡ ಬೇಟೆಪ್ರಾಣಿಗಳಿರಲಿಲ್ಲ. 1993ರಲ್ಲಿ ಆಸ್ಟಡ್ ಪ್ರಕಟಿಸಿದ ವರದಿಯಂತೆ ದ್ವೀಪದ ಒಪಾಸಮ್‌ಗಳು ಭೂಭಾಗದ ತಮ್ಮ ಬಂಧುಗಳಿಗಿಂತ ಒಂದು ಸಲಕ್ಕೆ ಕಡಿಮೆ ಮರಿ ಹಾಕುತ್ತಿದ್ದವು, ಹೆಚ್ಚು ಕಾಲ ಬದುಕುತ್ತಿದ್ದವು. ಅವುಗಳ ಬಾಲದ ಸ್ನಾಯುರಜ್ಜುಗಳು ಕೂಡ ನಿಧಾನವಾಗಿ ಮುಪ್ಪಾಗುತ್ತಿದ್ದವು. ಅಪಾಯ ತಗ್ಗಿದ ಕಡೆ ಮೈಯೇ ಗಟ್ಟಿಯಾಗುತ್ತ ಬಂದಿತ್ತು.

ಪ್ರಾಣಿಗಳ ವಯಸ್ಸನ್ನು ತಿಳಿಯುವ ಬಗೆಯೂ ಇಷ್ಟರಲ್ಲಿ ಬಹಳ ಸುಧಾರಿಸಿತ್ತು. ಹಿಂದೆ ವಯಸ್ಸೆಂದರೆ ಬರೀ ಹೇಳಿಕೆ. ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿ 2006ರಲ್ಲಿ ಸತ್ತ 'ಅದ್ವೈತ' ಎಂಬ ಅಲ್ಡಾಬ್ರ ಆಮೆ ರಾಬರ್ಟ್ ಕ್ಲೈವನ ಕಾಲದ್ದು, 250 ವರ್ಷ ದಾಟಿದ್ದು ಎಂದು ಜನ ಹೇಳುತ್ತಿದ್ದರು. ಅದಕ್ಕೆ ಗಟ್ಟಿಯಾದ ದಾಖಲೆ ಇರಲಿಲ್ಲ. ಈಗ ಪ್ರಾಣಿಯ ಮೈಯೇ ದಾಖಲೆ. 2007ರಲ್ಲಿ ಅಲಾಸ್ಕದ ತೀರದಲ್ಲಿ ಹಿಡಿದ ಬೋಹೆಡ್ ತಿಮಿಂಗಿಲದ ಮೈಯೊಳಗೆ 19ನೆಯ ಶತಮಾನದ ಕೊನೆಯಲ್ಲಿ ತಯಾರಾದ ಈಟಿಯ ಚೂರು ಸಿಕ್ಕಿತು. ಐಸ್‌ಲ್ಯಾಂಡ್ ಬಳಿ 2006ರಲ್ಲಿ ಮೇಲೆತ್ತಿದ ಒಂದು ಚಿಪ್ಪಿನ ಜೀವಿಯ ವರ್ಷಗೆರೆಗಳನ್ನು ಎಣಿಸಿದಾಗ 507 ವರ್ಷವಾಯಿತು. ಅದು ಹುಟ್ಟಿದಾಗ ವಿಜಯನಗರ ಸಾಮ್ರಾಜ್ಯ ಬಾಳುತ್ತಿತ್ತು. ಗ್ರೀನ್‌ಲ್ಯಾಂಡ್ ಶಾರ್ಕ್‌ನ ಕಣ್ಣಿನ ಮಸೂರವನ್ನು ಪರೀಕ್ಷಿಸಿ, ಅದು ಕನಿಷ್ಠ 272 ವರ್ಷ ಬಾಳಬಲ್ಲದೆಂದು 2016ರಲ್ಲಿ ಅಂದಾಜು ಮಾಡಿದರು.

ಆನೆಯ ವಿಷಯಕ್ಕೆ ಬರೋಣ. ಆನೆಗೆ ದವಡೆಹಲ್ಲುಗಳು ಜೀವಮಾನದಲ್ಲಿ ಆರು ಸರದಿಯಲ್ಲಿ ಬರುತ್ತವೆ. ಒಂದು ಸರದಿ ಸವೆದಂತೆ ಹಿಂದಿನಿಂದ ಇನ್ನೊಂದು ಮುಂದೆ ಸರಿಯುತ್ತದೆ. ಆರನೆಯದು ಅರವತ್ತರ ಆಚೆಗೆ ಸವೆದುಹೋದ ಮೇಲೆ ಏಳನೆಯದಿಲ್ಲ. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತು ನಮ್ಮೆಲ್ಲರ ಕಣ್ಣಿಗೆ ಹಬ್ಬವಾಗಿದ್ದ ಬಲರಾಮ 2023ರ ಮೇ ತಿಂಗಳಲ್ಲಿ 67ರ ವಯಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷ ಡಿಸೆಂಬರಿನಲ್ಲಿ 64 ವರ್ಷದ ಅರ್ಜುನ ಸಕಲೇಶಪುರದ ಕಾಡಿನಲ್ಲಿ ಸಲಗದೊಡನೆ ಸೆಣಸುತ್ತ ಮಡಿದ. ಒಂದು ವಯಸ್ಸಾಗಿ ಬಂದ ಸಾವು, ಇನ್ನೊಂದು ಹೊರಗಿನ ಅಪಾಯದಿಂದ ಬಂದ ಸಾವು. ಎರಡನೆಯ ಬಗೆಯ ಸಾವು ವಿರಳವಾದ ವಂಶದಲ್ಲಿ ಮಾತ್ರ ಮೊದಲನೆಯದು ಇಷ್ಟು ದೂರ ಸರಿಯಲು ಸಾಧ್ಯ. ಇಷ್ಟು ದೊಡ್ಡ ಮೈಯನ್ನು ಇಷ್ಟು ಕಾಲ ಕಾಯಲು ಆನೆಯಲ್ಲಿ ಕ್ಯಾನ್ಸರ್ ತಡೆಯುವ ಒಂದು ವಂಶವಾಹಿಯ ಇಪ್ಪತ್ತು ಪ್ರತಿಗಳಿವೆ ಎಂದು 2015ರಲ್ಲಿ ತಿಳಿದುಬಂದಿತು. ಮನುಷ್ಯನಲ್ಲಿ ಇರುವುದು ಒಂದೇ. 2022ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯವರು ಹದಿನಾರು ಸಸ್ತನಿಗಳ ಕರುಳಿನ ಕೋಶಗಳನ್ನು ಹೋಲಿಸಿದರು. ಇಲಿಯ ಕೋಶದಲ್ಲಿ ವರ್ಷಕ್ಕೆ ಸುಮಾರು 800 ಹೊಸ ಉತ್ಪರಿವರ್ತನೆಗಳು ಸೇರಿದರೆ ಮನುಷ್ಯನಲ್ಲಿ ಸುಮಾರು 47. ದೀರ್ಘಾಯುಗಳ ಮೈ ತನ್ನ ರಿಪೇರಿಗೆ ಹೆಚ್ಚು ವೆಚ್ಚ ಮಾಡುತ್ತದೆ ಎಂಬ ವಾದಕ್ಕೆ ಹೊಂದುವ ಅಂಕಿಗಳಿವು.

ಇನ್ನು ಉಳಿದದ್ದು ಅಜ್ಜಿ. ನಮ್ಮ ಹಳ್ಳಿಗಳಲ್ಲಿ ಒಂದು ಕಥೆ ಹೇಳುತ್ತಾರೆ: ದೇವರು ಮನುಷ್ಯನಿಗೆ ಕೊಟ್ಟದ್ದು ಕೊಂಚ ಆಯುಷ್ಯ, ಆಸೆಬುರುಕನಾದ ಅವನು ಕತ್ತೆ, ನಾಯಿ ಮೊದಲಾದವು ಬೇಡವೆಂದು ಬಿಟ್ಟ ವರ್ಷಗಳನ್ನು ಕೇಳಿ ಪಡೆದ, ಅದಕ್ಕೇ ನಡುವಯಸ್ಸಿನಲ್ಲಿ ಕತ್ತೆಯಂತೆ ಹೊರುತ್ತಾನೆ, ಮುಪ್ಪಿನಲ್ಲಿ ನಾಯಿಯಂತೆ ಮೂಲೆ ಹಿಡಿಯುತ್ತಾನೆ. ಜರ್ಮನಿಯ ಗ್ರಿಮ್ ಸಹೋದರರ ಸಂಗ್ರಹದಲ್ಲಿಯೂ ಇದೇ ಬಗೆಯ ಕಥೆಯಿದೆ. ಕಥೆ ನಗಿಸುತ್ತದೆ, ಆದರೆ ಮುಪ್ಪನ್ನು ಎರವಲು ತಂದ ಹೀನ ಬದುಕೆಂದು ಎಣಿಸುತ್ತದೆ. ಟಾಂಜಾನಿಯಾದ ಹಡ್ಜಾ ಎಂಬ ಬೇಟೆಗಾರ ಜನರ ನಡುವೆ ಅಧ್ಯಯನ ಮಾಡಿದ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದಕ್ಕೆ ಬೇರೆ ಅರ್ಥ ಕೊಟ್ಟರು. ಅಲ್ಲಿ ಅಜ್ಜಿಯರು ಕಾಡಿನಲ್ಲಿ ಗಡ್ಡೆಗೆಣಸು ಅಗೆದು ತರುತ್ತಾರೆ. ತಾಯಿ ಹಸುಗೂಸಿನ ಆರೈಕೆಯಲ್ಲಿದ್ದಾಗ ಹಿಂದಿನ ಮಗು ಮೈ ತುಂಬಿಕೊಳ್ಳುವುದು ಅಜ್ಜಿಯ ದುಡಿಮೆಯಿಂದ. ಇಂಥ ಅಜ್ಜಿಯರ ಮೊಮ್ಮಕ್ಕಳೇ ಹೆಚ್ಚಾಗಿ ಉಳಿದು ಬೆಳೆದದ್ದರಿಂದ, ಹೆರುವ ಕಾಲ ಮುಗಿದ ಮೇಲೂ ಬಾಳುವ ಮೈ ಮನುಷ್ಯಕುಲಕ್ಕೆ ದೊರೆಯಿತೆಂಬುದು ಅವರ ವಾದ. ಎಲ್ಲರೂ ಇದನ್ನು ಪೂರ್ತಿ ಒಪ್ಪಿಲ್ಲವಾದರೂ ವಾದಕ್ಕೆ ತೂಕವಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷವಿತ್ತು, ಈಗ 70ರ ಆಸುಪಾಸಿನಲ್ಲಿದೆ. ಆಗ ಜನರು ಮೂವತ್ತೆರಡಕ್ಕೆ ಮುದುಕರಾಗುತ್ತಿದ್ದರೆಂದು ಇದರ ಅರ್ಥವಲ್ಲ. ಆಗಲೂ ಎಂಬತ್ತು ದಾಟಿದ ಹಿರಿಯರಿದ್ದರು. ಲೆಕ್ಕವನ್ನು ಕೆಳಗೆಳೆದದ್ದು ಹಸುಳೆಗಳ ಸಾವು. ಲಸಿಕೆ, ಶುದ್ಧವಾದ ನೀರು, ಔಷಧಿಗಳಿಂದ ನಾವು ಹೊರಗಿನ ಅಪಾಯಗಳನ್ನು ಒಂದೆರಡು ತಲೆಮಾರಿನಲ್ಲಿ ತಗ್ಗಿಸಿದೆವು. ಒಳಗಿನ ಮೈ ಮಾತ್ರ ಹಳೆಯ ಅಪಾಯಗಳ ಕಾಲದಲ್ಲಿ ರೂಪುಗೊಂಡದ್ದು. ಸಪೆಲೊ ದ್ವೀಪದ ಒಪಾಸಮ್‌ಗಳಿಗೆ ಸಾವಿರಾರು ವರ್ಷದ ಕಾಲಾವಕಾಶ ದೊರಕಿತ್ತು. ನಮಗೆ ಒಂದು ಶತಮಾನವೂ ಆಗಿಲ್ಲ. ನಿಸರ್ಗದ ಜರಡಿ ಎಂದೂ ಗಮನಿಸದಿದ್ದ ದೋಷಗಳು ಈಗ ಮನೆ ಮನೆಯಲ್ಲಿ ಮುಖ ತೋರಿಸುತ್ತಿರುವುದು ಈ ಕಾರಣದಿಂದ.

ಇಷ್ಟನ್ನು ಬರೆಯಲು ಕಾರಣವಿದೆ. ನಿಮ್ಮಲ್ಲಿ ಹಲವರು ಈಗ ಐವತ್ತರ ಆಚೆಗಿದ್ದೀರಿ. ಮನೆಯಲ್ಲಿ ವಯಸ್ಸಾದ ತಂದೆ ತಾಯಿಯರನ್ನು ನೋಡಿಕೊಳ್ಳುತ್ತಿದ್ದೀರಿ. ಮಕ್ಕಳ ಹೆಸರನ್ನೇ ಮರೆತ ಅಮ್ಮ, ಕೈನಡುಕದಿಂದ ಲೋಟ ಹಿಡಿಯಲಾರದ ಅಪ್ಪ, ಇವರನ್ನು ಕುರಿತು ಮಾತಾಡುವಾಗ "ಯಾವ ಪಾಪಕ್ಕೆ ಹೀಗಾಯಿತೋ" ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಹೆಚ್ಚು ದುಡಿದು ಉಸಿರನ್ನು ದುಂದು ಮಾಡಿದರು ಎಂದು ಹೇಳುವವರೂ ಇದ್ದಾರೆ. ಎರಡು ಸಾವಿರ ವರ್ಷದ ಈ ಚರಿತ್ರೆಯಿಂದ ನನಗೆ ಅರ್ಥವಾಗಿರುವುದು ಇಷ್ಟು: ಅದು ಪಾಪದ ಫಲವೂ ಅಲ್ಲ, ಉಸಿರಿನ ಸಾಲವೂ ಅಲ್ಲ. ನಮ್ಮ ಪೂರ್ವಜರಲ್ಲಿ ತೀರ ಕೆಲವರು ಮಾತ್ರ ತಲುಪಿದ್ದ ವಯಸ್ಸನ್ನು ಇವರು ತಲುಪಿದ್ದಾರೆ. ಆ ದಾರಿಯನ್ನು ನಿಸರ್ಗ ದುರಸ್ತಿ ಮಾಡಿಟ್ಟಿಲ್ಲ. ನಿಸರ್ಗ ಮಾಡದೆ ಬಿಟ್ಟ ದುರಸ್ತಿಯನ್ನು ಮನೆಯವರೂ ವೈದ್ಯರೂ ಕೈಲಾದಷ್ಟು ಮಾಡಬೇಕಾಗಿದೆ. ಜಗಲಿಯ ಮೇಲಿನ ಅಜ್ಜಿಯ ಕೈಗೆ ಹತ್ತಿಯ ಎಳೆ ಸಿಕ್ಕದಾದಾಗ, ಪಕ್ಕದಲ್ಲಿ ಕುಳಿತು ಆ ಎಳೆಯನ್ನು ಬಿಡಿಸಿ ಕೊಡಿ.